ಮೂವತ್ತೆರಡನೇ ನಂಬರಿನ ಅಂಗಿ

ಬೆಳಗಿನ ಐದೂ ಮುಕ್ಕಾಲು. ಹಾಕಿ ಕ್ಲಬ್ಬಿನ ಹಿಂದಿನ ಗೇಟಿನ ಬೀಗ ತೆಗೆಯುವ ಮೊದಲು ಆಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾರೆ. ಬೀದಿಯಲ್ಲಿ ಹಾಲಿನ ವ್ಯಾನು ಬಿಟ್ಟರೆ ನರಪಿಳ್ಳೆ ಇಲ್ಲ. ಒಳಗೆ ಬಂದು, ಮತ್ತೆ ಬೀಗ ಹಾಕಿ, ಅದನ್ನು ಎರಡು ಸಲ ಎಳೆದು ನೋಡಿ, ಆಮೇಲೆ ಬಗ್ಗಿ ಗೋಡೆಯ ಬುಡದಲ್ಲಿ ಬಿದ್ದಿರುವ ಬಟ್ಟೆಗಳನ್ನು ಒಂದೊಂದಾಗಿ ಹೆಕ್ಕತೊಡಗುತ್ತಾರೆ.

"ಏಳು. ನಿನ್ನೆ ಹನ್ನೊಂದಿತ್ತು. ಕಡಿಮೆ ಆಗ್ತಾ ಇದೆ ಬಿಡಿ ಮೇಡಂ."

ಈ ಮಾತು ನನಗೆ ಹೇಳಿದ್ದೋ, ತಮಗೇ ಹೇಳಿಕೊಂಡದ್ದೋ ತಿಳಿಯುವುದಿಲ್ಲ. ಎಲ್ಲವೂ ಗೋಡೆಯಾಚೆಯಿಂದ ಯಾರೋ ರಾತ್ರೋರಾತ್ರಿ ಎಸೆದು ಹೋದ ಅಂಗಿಗಳು. ಒಂದನ್ನು ಕತ್ತರಿಯಿಂದ ಸೀಳಿದ್ದಾರೆ. ಎರಡು ಅರ್ಧ ಸುಟ್ಟಿವೆ. ಒಂದರ ಕತ್ತಿನ ಸುತ್ತ ಕೆಂಪು ಬಣ್ಣ ಸುರಿದಿದ್ದಾರೆ, ಹತ್ತಿರ ಹೋಗಿ ನೋಡುವವರೆಗೂ ಅದು ಬಣ್ಣವೆಂದು ನನಗೆ ಧೈರ್ಯ ಬರಲಿಲ್ಲ. ಎಲ್ಲದರ ಬೆನ್ನಿಗೂ ಒಂದೇ ನಂಬರು, ಮೂವತ್ತೆರಡು.

"ಇವು ಅಂಗಡೀಲಿ ಕೊಂಡಿದ್ದಲ್ಲ," ಆಕೆ ಒಂದನ್ನು ಬೆಳಕಿಗೆ ಹಿಡಿಯುತ್ತಾರೆ. "ಮೂವತ್ತೆರಡನೇ ನಂಬರಿನದ್ದನ್ನ ಯಾರೂ ಮಾರೋದೂ ಇಲ್ಲ, ಕೊಳ್ಳೋದೂ ಇಲ್ಲ. ಮನೇಲಿದ್ದ ಹಳೇ ಅಂಗಿ ಮೇಲೆ ಪೆನ್ನಲ್ಲಿ ಬರ್ದಿದ್ದಾರೆ. ಸುಡೋದಕ್ಕೇ ಅಂತ ಕೂತು ಬರ್ದಿದ್ದಾರೆ ನೋಡಿ! ಅದನ್ನಾದ್ರೂ ನೆಟ್ಟಗೆ ಬರೀಬಾರದಾ, ಎರಡು ಅನ್ನೋದು ಬಾತುಕೋಳಿ ಕೂತಂಗಿದೆ."

ನಗುತ್ತಾರೆ. ಆದರೆ ಆ ಅಂಗಿಯನ್ನು ನಂಬರು ಕಾಣದಂತೆ ಒಳಮಡಚಿ ಬಗಲಿಗೆ ಸೇರಿಸುತ್ತಾರೆ.

ನಮ್ಮ ಸಂಪಾದಕರು ನನಗೆ ಕೊಟ್ಟದ್ದು ಸುಲಭದ ಕೆಲಸ. "ಆಟಗಾರರ ಬಗ್ಗೆ ಬರೆದು ಬರೆದು ಸಾಕಾಗಿದೆ. ಅವರ ಬಟ್ಟೆ ಒಗೆಯೋ ಹೆಂಗಸೊಬ್ಬರು ಇದ್ದಾರಂತೆ, ಶನಿವಾರದ ಪುರವಣಿಗೆ ಅವರ ಬಗ್ಗೆ ಬರೀರಿ" ಎಂದಿದ್ದರು. ಸಾಬೂನಿನ ನೊರೆ, ಸೂಜಿದಾರ, ನಗುಮುಖದ ಒಂದು ಫೋಟೊ, ಕೊನೆಗೊಂದು ಒಳ್ಳೆಯ ಮಾತು, ಇಷ್ಟು ಸಿಕ್ಕರೆ ಮಧ್ಯಾಹ್ನದ ಊಟದ ಹೊತ್ತಿಗೆ ಕಚೇರಿಗೆ ವಾಪಸ್ಸು ಎಂದು ಲೆಕ್ಕ ಹಾಕಿಕೊಂಡು ಹೋದವಳು ನಾನು. ಈಕೆ ಒಂಬತ್ತು ದಿನದಿಂದ ಸರಿಯಾಗಿ ಕಣ್ಣು ಮುಚ್ಚಿಲ್ಲ ಎನ್ನುವುದು ಲೆಕ್ಕದಲ್ಲಿರಲಿಲ್ಲ.

ಆಟಗಾರರೆಲ್ಲ ಈಕೆಯನ್ನು ಕರೆಯುವುದು ನಂಬರಕ್ಕ ಎಂದು. ವಯಸ್ಸು ಐವತ್ತನಾಲ್ಕು. ಮೊದಲು ಬಟ್ಟೆ ಕಾರ್ಖಾನೆಯೊಂದರಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದರು. ಕಾರ್ಖಾನೆ ಮುಚ್ಚಿತು. ಕ್ಲಬ್ಬಿನವರು ಎರಡು ತಿಂಗಳ ಮಟ್ಟಿಗೆ ಎಂದು ಕರೆದರು. ಆ ಎರಡು ತಿಂಗಳಿಗೆ ಈಗ ಹತ್ತೊಂಬತ್ತು ವರ್ಷ.

ಪ್ರೇಕ್ಷಕರ ಗ್ಯಾಲರಿಯ ಕೆಳಗೆ, ನಾಲ್ಕು ಮೆಟ್ಟಿಲು ಇಳಿದು ಹೋದರೆ ಆಕೆಯ ಕೋಣೆ. ಮೂರು ಒಗೆಯುವ ಯಂತ್ರಗಳು, ಅವುಗಳಲ್ಲಿ ಒಂದಕ್ಕೆ ಮುನಿಸು ಜಾಸ್ತಿ. "ಅದು ಸಿಟ್ಟಾದ್ರೆ ಎರಡು ದಿನ ಮಾತಾಡ್ಸಂಗಿಲ್ಲ, ಥೇಟ್ ನಮ್ಮನೆಯವರ ಥರ." ಒಂದು ಹೊಲಿಗೆ ಯಂತ್ರ. ಗೋಡೆಯುದ್ದಕ್ಕೂ ತಂತಿ, ಅದರಲ್ಲಿ ಸಾಲಾಗಿ ತೂಗುವ ಅಂಗಿಗಳು. ಕಿಟಕಿಯಿಲ್ಲ. ಮೇಲೆ ಒಂದು ಉದ್ದನೆಯ ಗಾಳಿಕಂಡಿ, ಅದು ಹೊರಗಿನ ನೆಲದ ಮಟ್ಟಕ್ಕಿದೆ. ಅದರಿಂದ ಕಾಣುವುದು ಹೋಗಿಬರುವವರ ಪಾದ ಮಾತ್ರ.

"ಮೊನ್ನೆ ಸಂಜೆ ಒಂದು ಜೊತೆ ಬೂಟು ಅಲ್ಲಿ ಬಂದು ನಿಂತ್ಕೊಂಡ್ತು. ಇಪ್ಪತ್ತು ನಿಮಿಷ ಮೇಡಂ. ಅತ್ತಗಿಲ್ಲ ಇತ್ತಗಿಲ್ಲ. ನಾನು ಮೆಷಿನ್ ಆಫ್ ಮಾಡಿ, ಉಸಿರು ಬಿಗಿ ಹಿಡ್ಕೊಂಡು ಕೂತಿದ್ದೆ. ಕೊನೆಗೆ ನೋಡಿದ್ರೆ ಬಸ್ಸಿಗೆ ಕಾಯ್ತಿದ್ದವನೋ ಏನೋ, ಹೋದ. ಅಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು."

ತಂಡದಲ್ಲಿ ಇಪ್ಪತ್ಮೂರು ಆಟಗಾರರು, ದಿನಕ್ಕೆ ಎರಡು ಅಭ್ಯಾಸ. ಅಂದರೆ ಪ್ರತಿದಿನ ನಲವತ್ತಾರು ಅಂಗಿ, ನಲವತ್ತಾರು ಚಡ್ಡಿ, ನಲವತ್ತಾರು ಜೊತೆ ಕಾಲುಚೀಲ. ಕಾಲುಚೀಲದ ಜೋಡಿ ಹುಡುಕುವುದಕ್ಕೇ ಮುಕ್ಕಾಲು ಗಂಟೆ. ಯಾರ ಅಂಗಿ ಯಾವುದು ಎಂದು ನಂಬರು ನೋಡದೆ ಮೂಸಿಯೇ ಹೇಳಬಲ್ಲರಂತೆ. ಪರೀಕ್ಷೆ ಮಾಡಲು ನನಗೆ ಧೈರ್ಯ ಸಾಲಲಿಲ್ಲ, ಮೂಗಿನ ಮೇಲೆ ಅಷ್ಟು ಮಮತೆ ನನಗಿದೆ.

ಬೇರೆ ಕ್ಲಬ್ಬುಗಳಲ್ಲಿ ನಂಬರನ್ನು ಬಿಸಿ ಇಸ್ತ್ರಿಯಲ್ಲಿ ಒತ್ತಿ ಅಂಟಿಸುತ್ತಾರೆ. ಈಕೆ ಹೊಲಿಯುತ್ತಾರೆ. ಒಂದು ನಂಬರಿಗೆ ಹನ್ನೊಂದು ನಿಮಿಷ. ಯಾರೂ ಕೇಳಿಲ್ಲ, ಯಾರೂ ಹೇಳಿಲ್ಲ, ಆಕೆಯದೇ ಹಟ. "ಅಂಟಿಸಿದ್ದು ಯಾವತ್ತಿದ್ರೂ ಬಿಟ್ಕೊಳ್ಳುತ್ತೆ. ಹೊಲಿದದ್ದು ಅಂಗಿ ಹರಿದ್ರೂ ಹೋಗಲ್ಲ," ಎನ್ನುತ್ತಾರೆ. ಈ ಹಟವೇ ಅವರಿಗೆ ಮುಳುವಾಯಿತು. ಅದಕ್ಕೆ ಬರುತ್ತೇನೆ.

ಮೊದಲು ಅಭಿಮಾನಿಗಳ ವಿಚಾರ ಹೇಳಬೇಕು. ಅವರನ್ನು ಬಿಟ್ಟು ಈ ಕಥೆ ಇಲ್ಲ.

ಈ ತಂಡಕ್ಕೆ ಆಯ್ಕೆಗಾರರು ಮೂವರು ಎಂದು ಕಾಗದದಲ್ಲಿದೆ. ನಿಜ ಹೇಳಬೇಕೆಂದರೆ ಆಳಿಗೊಬ್ಬ ಆಯ್ಕೆಗಾರ. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಎಲ್ಲೆಲ್ಲೂ ಅದೇ ಮಾತು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು, ಯಾರಿಗೆ ಎಷ್ಟು ಬೆಲೆ, ಯಾರು ಆ ಬೆಲೆಗೆ ಭಾರ. ಹುಟ್ಟಾ ಹಾಕಿ ಕೋಲು ಮುಟ್ಟದವರೂ ಡಿಫೆಂಡರನ ಎಡಗಾಲಿನ ದೋಷ ಹೇಳುತ್ತಾರೆ. ತಪ್ಪೇನಿಲ್ಲ, ಟಿಕೆಟ್ ಕೊಂಡವರಿಗೆ ಮಾತಾಡುವ ಹಕ್ಕಿದೆ. ಆದರೆ ಈ ವರ್ಷ ಕ್ಲಬ್ಬು ಒಂದು ಹೊಸ ಪ್ರಕಟಣೆ ಹೊರಡಿಸಿದೆ. ಬರುವ ಸೋಮವಾರ ಮುಂದಿನ ಸೀಸನ್ನಿನ ಆಟಗಾರರ ಪಟ್ಟಿ ಬರುತ್ತದೆ, ಅದರಲ್ಲಿ ಅಭಿಮಾನಿಗಳ ಅಭಿಪ್ರಾಯಕ್ಕೆ ಮನ್ನಣೆ ಇರುತ್ತದೆ. ಕೋತಿಗೆ ಹೆಂಡ ಕುಡಿಸಿದಂತಾಯಿತು.

ಅಭಿಪ್ರಾಯದ ಮುಖ್ಯ ಕಚೇರಿ ಎಲ್ಲಿದೆ ಗೊತ್ತೇ? ನಂಬರಕ್ಕನ ಗಂಡನ ಅಂಗಡಿಯಲ್ಲಿ. ಅವರು ಬೀಗದ ಕೈ ಮಾಡುವವರು, ಅಭಿಮಾನಿಗಳ ಬಾಯಲ್ಲಿ ಬೀಗದಣ್ಣ. ಅಂಗಡಿಯ ಹೊರಗೆ ಒಂದು ಕರಿಹಲಗೆ ನಿಲ್ಲಿಸಿದ್ದಾರೆ. ಎಡಕ್ಕೆ 'ಇರಲಿ', ಬಲಕ್ಕೆ 'ಹೋಗಲಿ'. ಬಂದವರು ತಮಗೆ ಬೇಕಾದ ನಂಬರಿನ ಮುಂದೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಹೋಗುತ್ತಾರೆ. ಬೀಗದಣ್ಣ ಅದನ್ನು ದಿನವೂ ಫೋಟೊ ತೆಗೆದು ಫೋನಿನ ಗುಂಪಿಗೆ ಹಾಕುತ್ತಾರೆ. ಗುಂಪಿನಲ್ಲಿ ನಾನೂರು ಚಿಲ್ಲರೆ ಜನ. 'ಹೋಗಲಿ' ಕಡೆಯಲ್ಲಿ ಮೂವತ್ತೆರಡರ ಮುಂದೆ ಗೆರೆಗಳು ಹಲಗೆ ಮುಗಿದು ಕೆಳಗಿನ ಗೋಡೆಗೆ ಇಳಿದಿವೆ.

ಮೂವತ್ತೆರಡು ಅಂದರೆ ತಂಡದ ಎರಡನೇ ಗೋಲ್‌ಕೀಪರ್. ಮೂವತ್ತೊಂದು ವರ್ಷದ ಮೆದು ಮಾತಿನ ಮನುಷ್ಯ. ಆರು ವರ್ಷದಲ್ಲಿ ಆಡಿದ್ದು ಒಂಬತ್ತೇ ಪಂದ್ಯ, ಮಿಕ್ಕೆಲ್ಲ ಬೆಂಚಿನ ಮೇಲೆ. ಮೊದಲನೇ ಕೀಪರನಿಗೆ ಅಭಿಮಾನಿಗಳು ಇಟ್ಟ ಹೆಸರು ಗೋಡೆ. ಗೋಡೆ ಇರುವಾಗ ಬೆಂಚಿನವನನ್ನು ಯಾರು ಕೇಳುತ್ತಾರೆ?

ಒಂಬತ್ತು ದಿನದ ಹಿಂದೆ ಸೆಮಿಫೈನಲ್. ನಮ್ಮ ತಂಡ ಎರಡು ಗೋಲು ಮುಂದಿತ್ತು, ಎಂಟು ನಿಮಿಷ ಬಾಕಿ. ಗೋಲಿನ ಮುಂದೆ ಡಿಕ್ಕಿಯಾಗಿ ಗೋಡೆ ಕೆಳಗೆ ಬಿದ್ದ. ಹೆಲ್ಮೆಟ್ಟಿನ ಒಳಗೇ ಗದ್ದ ಒಡೆದು ಎದೆಯೆಲ್ಲ ರಕ್ತ. ಅವನನ್ನು ಒಳಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಮೂವತ್ತೆರಡನೇ ನಂಬರಿನ ಅಂಗಿ, ಮುಖ ಮುಚ್ಚಿದ ಹೆಲ್ಮೆಟ್ಟು ಗೋಲಿನಲ್ಲಿ ಬಂದು ನಿಂತವು. ಎಂಟು ನಿಮಿಷದಲ್ಲಿ ಮೂರು ಗೋಲು. ಮೂರನೆಯದಂತೂ ಕಾಲಿನ ನಡುವೆ ನುಸುಳಿ ಹೋಯಿತು, ಕೀಪರ್ ಚೆಂಡು ಎಲ್ಲಿದೆ ಎಂದೇ ಗೊತ್ತಿಲ್ಲದವನಂತೆ ನಿಂತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಬದಲಿ ಕೀಪರ್ ಎಡವಿದ, ತಂಡ ಮುಗ್ಗರಿಸಿತು" ಎಂದು ಮರುದಿನ ನಮ್ಮ ಪತ್ರಿಕೆಯ ಕ್ರೀಡಾಪುಟವೂ ಬರೆಯಿತು. ಅದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಏಳೂವರೆಗೆ ಆ ಮೂವತ್ತೆರಡನೇ ನಂಬರಿನವರೇ ಮೆಟ್ಟಿಲಿಳಿದು ಕೋಣೆಗೆ ಬರುತ್ತಾರೆ. ಟೋಪಿ ಹುಬ್ಬಿನ ತನಕ ಎಳೆದುಕೊಂಡಿದ್ದಾರೆ. ನನ್ನನ್ನು ನೋಡಿ ಹಿಂದಕ್ಕೆ ಹೆಜ್ಜೆಯಿಡುತ್ತಾರೆ.

"ಬಾ ತಮ್ಮಾ, ಇವ್ರು ನನ್ನ ನೋಡೋಕೆ ಬಂದೋರು," ನಂಬರಕ್ಕ ಸ್ಟೂಲು ಸರಿಸುತ್ತಾರೆ. "ಟೀ ಕುಡೀತೀಯಾ?"

"ಬೇಡಕ್ಕ. ಇದೊಂದು ತೋರ್ಸೋಣ ಅಂತ ಬಂದೆ. ಕ್ಲಬ್ಬಲ್ಲಿ ಯಾರಿಗೂ ತೋರ್ಸಿಲ್ಲ."

ಫೋನು ಕೊಡುತ್ತಾರೆ. ನಂಬರಕ್ಕ ಕನ್ನಡಕ ಹುಡುಕಿ ಹಾಕಿಕೊಂಡು, ತುಟಿಯಲ್ಲೇ ಓದುತ್ತಾರೆ. ನನ್ನ ಕಡೆ ತಿರುಗಿಸುತ್ತಾರೆ. ಹೆಸರಿಲ್ಲದ ನಂಬರಿನಿಂದ ಬಂದ ಎರಡು ಸಾಲು. 'ನೀರಿನ ಟ್ಯಾಂಕಿನ ಹಿಂದಿನ ಹಸಿರು ಬಾಗಿಲಿನ ಮನೆ. ಮಗಳ ಶಾಲೆ ಮೂರೂ ಇಪ್ಪತ್ತಕ್ಕೆ ಬಿಡುತ್ತೆ, ಅಲ್ವಾ?'

ಅದರಲ್ಲಿ ಬೈಗುಳವಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ 'ಅಲ್ವಾ' ಎನ್ನುವುದನ್ನು ನಾನು ಎರಡು ಸಲ ಓದಿದೆ.

"ಪೊಲೀಸರಿಗೆ ಹೇಳಿದ್ರಾ?" ಕೇಳಿದೆ.

"ಹೇಳ್ದೆ. ಬರ್ಕೊಂಡ್ರು. ಇಂಥವು ಎಲ್ಲಾ ಆಟಗಾರರಿಗೂ ಬರುತ್ತೆ, ಸ್ವಲ್ಪ ದಿನ ಹುಷಾರಾಗಿರಿ ಅಂದ್ರು." ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಎರಡು ದಿನದಿಂದ ಮಗೂನ ಶಾಲೆಗೆ ಕಳ್ಸಿಲ್ಲ. ಜ್ವರ ಅಂತ ಹೇಳಿದೀವಿ. ಅವಳಿಗೇ ಹೇಳಿದೀವಿ, ನಿಂಗೆ ಜ್ವರ ಅಂತ. ಅವಳು ಪಾಪ ಮಲಗಿದಾಳೆ."

ಅವರು ಹೊರಟ ಮೇಲೆ ನಂಬರಕ್ಕ ಮೂರೂ ಯಂತ್ರಗಳನ್ನು ಒಟ್ಟಿಗೆ ಚಾಲೂ ಮಾಡಿದರು. ಗದ್ದಲದಲ್ಲಿ ನಮ್ಮ ಮಾತು ಹೊರಗೆ ಕೇಳದಿರಲಿ ಎಂದು. ಬಾಗಿಲ ಚಿಲಕ ಹಾಕಿದರು. ಆಮೇಲೆ ನೆಲದ ಮೇಲೆ, ಒಗೆಯದ ಬಟ್ಟೆಯ ರಾಶಿಯ ಪಕ್ಕದಲ್ಲಿ ಕೂತುಬಿಟ್ಟರು.

"ಅವನು ಆಡ್ಲೇ ಇಲ್ಲ ಮೇಡಂ."

"ಯಾರು?"

"ಇವನೇ. ಇವನು ಆವತ್ತು ಗ್ರೌಂಡಿಗೆ ಇಳೀಲೇ ಇಲ್ಲ. ಆ ಎಂಟು ನಿಮಿಷ ನಿಂತಿದ್ದೋನು ಗೋಡೇನೇ. ಅಂಗಿ ಮಾತ್ರ ಇವನ್ದು. ಕೊಟ್ಟೋಳು ನಾನು."

ಆಮೇಲೆ ಒಂದೊಂದೇ ಹೇಳಿದರು. ರಕ್ತವಾದ ಅಂಗಿ ತೊಟ್ಟು ಮೈದಾನಕ್ಕೆ ಇಳಿಯುವ ಹಾಗಿಲ್ಲ, ಅದು ಹಾಕಿಯ ನಿಯಮ. ಅದಕ್ಕೆಂದೇ ಆಕೆಯ ಹತ್ತಿರ ಒಂದು ಕೆಂಪು ಚೀಲವಿರುತ್ತದೆ. ಅದರಲ್ಲಿ ಬೇರೆ ನಂಬರಿನ ತುರ್ತು ಅಂಗಿಗಳು, ಕೀಪರನಿಗೂ ಒಂದು. ಅದರ ನಂಬರು ನಲವತ್ತು. ಸೆಮಿಫೈನಲ್ಲಿನ ಹಿಂದಿನ ದಿನ ಆ ನಲವತ್ತರ ಸೊನ್ನೆಯ ಅಂಚಿನಲ್ಲಿ ದಾರ ಬಿಟ್ಟದ್ದು ಅವರ ಕಣ್ಣಿಗೆ ಬಿತ್ತು. ಹೊಸದಾಗಿ ಹೊಲಿಯೋಣವೆಂದು ಪೂರಾ ನಂಬರು ಬಿಚ್ಚಿದರು. ಅಷ್ಟರಲ್ಲಿ ಮುನಿಸಿನ ಯಂತ್ರ ನೀರು ಕಾರಿತು. ನೆಲವೆಲ್ಲ ಒರೆಸಿ ಏಳುವಷ್ಟರಲ್ಲಿ ಬಿಚ್ಚಿಟ್ಟದ್ದು ಮರೆತೇ ಹೋಯಿತು. ಅಂಗಿ ಮಡಚಿ ಚೀಲಕ್ಕೆ ಹಾಕಿದರು.

"ಚೀಲ ತೆಗೆದು ನೋಡ್ತೀನಿ, ಬೋಳು ಬೆನ್ನು! ಎದೆ ಧಸಕ್ ಅಂತು. ನಂಬರಿಲ್ಲದ ಅಂಗೀನ ಒಳಗೆ ಬಿಡಲ್ಲ. ಗೋಡೆಗೆ ಗದ್ದಕ್ಕೆ ಪಟ್ಟಿ ಹಾಕ್ತಿದ್ರು, ಕೋಚ್ ಕೂಗ್ತಿದ್ರು, ಎಲ್ಲಿ ಅಂಗಿ, ಎಲ್ಲಿ ಅಂಗಿ ಅಂತ. ಪಕ್ಕದಲ್ಲೇ ಇವನು ನಿಂತಿದ್ದ. ಬಿಚ್ಚು ಅಂದೆ. ಅವನು ಯಾಕೆ ಅಂತಾನೂ ಕೇಳ್ಲಿಲ್ಲ. ಎರಡೂ ಕೈ ಮೇಲೆತ್ತಿ ನಿಂತ್ಕೊಂಡ, ಸ್ನಾನಕ್ಕೆ ನಿಂತ ಮಗು ಥರ. ನಾನೇ ಎಳೆದು ತೆಗ್ದೆ."

ಅಂಗಿಯಿಲ್ಲದವನು ಬೆಂಚಿನಲ್ಲಿ ಕೂರುವಂತಿಲ್ಲ. ಹಾಗಾಗಿ ಆತ ಮುಂದಿನ ಎಂಟು ನಿಮಿಷವೂ ಒಳಗಿನ ಓಣಿಯಲ್ಲಿ, ಟವೆಲ್ ಹೊದ್ದು ನಿಂತಿದ್ದ. ಗ್ಯಾಲರಿಯವರಿಗೆ ಕಂಡದ್ದು ಮೂವತ್ತೆರಡು ಒಳಗೆ ಬಂದದ್ದು ಮಾತ್ರ. ಧ್ವನಿವರ್ಧಕದವನು ಆ ಹೊತ್ತಿಗೆ ಜಾಹೀರಾತು ಓದುತ್ತಿದ್ದ. ಇದ್ದ ಒಂದೇ ಕ್ಯಾಮೆರಾ ಛಾವಣಿಯ ಮೇಲಿತ್ತು.

"ಗೋಡೆಯನ್ನ ಯಾಕೆ ಮತ್ತೆ ಇಳಿಸಿದ್ರು? ಗಾಯ ಆಗಿತ್ತಲ್ಲ?"

"ಅವತ್ತು ದೊಡ್ಡ ಕ್ಲಬ್ಬಿನವರು ಅವನನ್ನ ನೋಡೋಕೆ ಬಂದಿದ್ರು ಮೇಡಂ. ಮುಂದಿನ ಸೀಸನ್ನಿಗೆ ಅವನನ್ನ ತಗೊಳ್ಳೋ ಮಾತುಕತೆ. ಕೊನೇ ತನಕ ನಿಂತ್ರೆ ಬೆಲೆ ಏರುತ್ತೆ ಅಂತ ನಮ್ಮ ಕ್ಲಬ್ಬಿನವರ ಲೆಕ್ಕ. ಅವನಿಗೆ ತಲೆ ತಿರುಗ್ತಾ ಇತ್ತು, ನಾನೇ ನೋಡಿದೀನಿ, ಹೆಲ್ಮೆಟ್ಟಿನ ಬಕಲ್ ಹಾಕ್ಕೊಳ್ಳೋಕಾಗ್ತಿರ್ಲಿಲ್ಲ. ಅವನದ್ದೂ ತಪ್ಪಲ್ಲ. ಆದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬಿಟ್ರಲ್ಲ."

ಪಂದ್ಯ ಮುಗಿದ ರಾತ್ರಿಯೇ ಮ್ಯಾನೇಜರ್ ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರಿಗೂ ಹೇಳಿದರಂತೆ, ಒಳಗಿನ ಮಾತು ಒಳಗೇ ಇರಲಿ, ಗೋಡೆಯ ವರ್ಗಾವಣೆಗೆ ಸಹಿ ಬೀಳುವ ತನಕ. ಎರಡನೇ ಕೀಪರನಿಗೆ, ನೀನು ಸುಮ್ಮನಿದ್ದರೆ ನಿನ್ನ ಜಾಗ ನೋಡಿಕೊಳ್ಳುತ್ತೇವೆ ಎಂದರು. ಆತ ಸುಮ್ಮನಾದ. ಈಗ ಅದೇ ಕ್ಲಬ್ಬು ಅಭಿಮಾನಿಗಳ ಅಭಿಪ್ರಾಯವನ್ನು ತೋರಿಸಿ ಸೋಮವಾರ ಆತನನ್ನು ಕೈಬಿಡಲಿದೆ ಎಂದು ಕಚೇರಿಯವರೇ ಪಿಸುಗುಟ್ಟುತ್ತಿದ್ದಾರೆ. ಕೈಬಿಟ್ಟರೆ, ಮೂರು ಗೋಲು ಬಿಟ್ಟವನು ಎಂಬ ಹಣೆಪಟ್ಟಿ ಹೊತ್ತವನನ್ನು ಬೇರೆ ಯಾವ ತಂಡ ಕರೆದೀತು?

"ನಿಮಗೇನಂದ್ರು ಮ್ಯಾನೇಜರ್?"

ನಂಬರಕ್ಕ ಗಾಳಿಕಂಡಿಯಲ್ಲಿ ಯಾರ ಪಾದವೂ ಇಲ್ಲವೆಂದು ನೋಡಿಕೊಂಡರು. "ಜೋರಾಗೇನೂ ಅನ್ಲಿಲ್ಲ. ಅಕ್ಕಾ, ಇದರಲ್ಲಿ ತಪ್ಪು ಯಾರ್ದು ಅಂತ ಹುಡುಕೋಕೆ ಹೋದ್ರೆ ಮೊದಲು ನಿಮ್ಮ ಕೆಂಪು ಚೀಲಾನೇ ಸಿಗೋದು, ಅಂದ್ರು. ಬೀಗದ ಕೈ ಇಟ್ಟು ಮನೆಗೆ ಹೋಗ್ಬೇಕಾಗುತ್ತೆ, ಅಂದ್ರು. ನಗ್ತಾನೇ ಅಂದ್ರು. ಅವತ್ತಿಂದ ಯಾರಾದ್ರೂ ಅಂಗಿ ಅಂದ್ರೂ ಸಾಕು, ಕುಂಬಳಕಾಯಿ ಕಳ್ಳನ ಥರ ಹೆಗಲು ಮುಟ್ಟಿ ನೋಡ್ಕೊಳ್ತೀನಿ."

ಆಕೆಯ ಮಾತೊಂದನ್ನೇ ನಂಬಿ ಬರೆಯುವಂತಿರಲಿಲ್ಲ. ಅಲ್ಲಿಂದ ನೇರ ಹೋದದ್ದು ಪಂದ್ಯದ ದಿನ ಮೈದಾನದ ಅಂಚಿನ ಮೇಜಿನಲ್ಲಿ ಕೂತಿದ್ದ ಅಧಿಕಾರಿಯ ಮನೆಗೆ. ನಿವೃತ್ತ ಮೇಷ್ಟ್ರು, ದಾಖಲೆ ಪುಸ್ತಕವನ್ನು ಬಟ್ಟೆ ಸುತ್ತಿ ಇಟ್ಟಿದ್ದಾರೆ. ಐವತ್ತೆರಡನೇ ನಿಮಿಷದ ಸಾಲಿನಲ್ಲಿ ಅವರದೇ ಗುಂಡನೆಯ ಅಕ್ಷರದಲ್ಲಿತ್ತು: 'ಗೋಲ್‌ಕೀಪರ್ ಬದಲಾವಣೆ ಇಲ್ಲ. ರಕ್ತದ ಕಾರಣ ಅಂಗಿ ಮಾತ್ರ ಬದಲು, 32.' ಒಂಬತ್ತು ದಿನ ಇದನ್ನು ಯಾಕೆ ಯಾರಿಗೂ ಹೇಳಲಿಲ್ಲ ಎಂದೆ. "ಯಾರೂ ಕೇಳ್ಲಿಲ್ವಲ್ಲಮ್ಮ," ಎಂದರು. ಮ್ಯಾನೇಜರಿಗೆ ಫೋನ್ ಮಾಡಿದೆ. ತಂಡದ ಒಳಗಿನ ವಿಷಯಕ್ಕೆ ಉತ್ತರಿಸುವುದಿಲ್ಲ ಎಂದು ಇಟ್ಟುಬಿಟ್ಟರು. ಎರಡನೇ ಕೀಪರನಿಗೂ ಮಾಡಿದೆ, "ಅಕ್ಕ ಏನು ಹೇಳಿದ್ರೋ ಅದೇ," ಎಂದರು. ಆ ಹೊತ್ತಿಗೆ ನನಗೂ ಹೆದರಿಕೆ ಶುರುವಾಗಿತ್ತು. ಎಲೆಮರೆಯ ಕಾಯಿಯ ಬಗ್ಗೆ ಬರೆಯಲು ಬಂದವಳು ನಾನು. ಎಲೆ ಸರಿಸಿದರೆ ಕಾಯಿಗೇ ಕಲ್ಲು ಬೀಳುತ್ತದಲ್ಲ!

ಸಂಜೆ ನಾಲ್ಕಕ್ಕೆ ಮತ್ತೆ ಹೋದೆ. ನಂಬರಕ್ಕ ಗಂಡನ ಅಂಗಡಿಗೆ ಹೊರಟಿದ್ದರು. "ಮೊದಲು ನಮ್ಮನೆಯವರಿಗೆ ಹೇಳ್ಬೇಕು. ಪೇಪರಲ್ಲಿ ಓದಿ ತಿಳ್ಕೊಂಡ್ರೆ ಅದಕ್ಕಿಂತ ಅವಮಾನ ಇಲ್ಲ. ನೀವೂ ಬನ್ನಿ, ನೀವಿದ್ರೆ ಸ್ವಲ್ಪ ಕಡಿಮೆ ಕೂಗ್ತಾರೆ." ದಾರಿಯುದ್ದಕ್ಕೂ ಮೂರು ಸಲ ತಿರುಗಿ ನೋಡಿದರು.

ಅಂಗಡಿ ಎಂದರೆ ಎರಡು ಜನ ನಿಂತರೆ ತುಂಬುವ ಗೂಡು. ಬೀಗದಣ್ಣ ಬೀಗದ ಕೈ ಉಜ್ಜುವ ಯಂತ್ರದ ಮುಂದೆ ಕೂತು, ಎದುರಿನ ಗಿರಾಕಿಗೆ ತಂಡದ ಭವಿಷ್ಯ ಬಿಡಿಸಿ ಹೇಳುತ್ತಿದ್ದರು. ಮೂವತ್ತೆರಡು ಹೋಗಬೇಕು, ಆ ಜಾಗಕ್ಕೆ ಒಬ್ಬ ಎತ್ತರದ ಹುಡುಗ ಬರಬೇಕು, ಗೋಡೆಯನ್ನು ಮಾತ್ರ ಜೀವ ಹೋದರೂ ಬಿಡಬಾರದು. ಗಿರಾಕಿ ಹೋಗುವ ತನಕ ನಾವು ಕಾದೆವು.

"ರೀ, ಒಂದು ಮಾತು," ಎಂದು ಶುರು ಮಾಡಿದ ನಂಬರಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದರು. ನಲವತ್ತರ ಸೊನ್ನೆ, ಬೋಳು ಬೆನ್ನು, ಕೈ ಮೇಲೆತ್ತಿ ನಿಂತ ಮನುಷ್ಯ.

ಬೀಗದಣ್ಣ ಯಂತ್ರ ನಿಲ್ಲಿಸಿದರು. "ಒಂಬತ್ತು ದಿನ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದೀಯ. ನಾನು ಅಷ್ಟೊಂದು ಕೂಗಾಡ್ತಿದ್ನಲ್ಲೇ. ನನ್ನ ಬಾಯಿ ಯಾಕೆ ಮುಚ್ಚಿಸ್ಲಿಲ್ಲ ನೀನು?"

"ಮೂವತ್ತು ವರ್ಷದಿಂದ ಆಗ್ದೇ ಇರೋ ಕೆಲಸ ಒಂಬತ್ತು ದಿನದಲ್ಲಿ ಆಗುತ್ತೇನ್ರೀ?"

ಅವರು ನಗಲಿಲ್ಲ. ಫೋನಿನಲ್ಲಿ ಬಂದ ಎರಡು ಸಾಲಿನ ವಿಷಯವನ್ನೂ ನಂಬರಕ್ಕ ಹೇಳಿದಾಗ ಅವರ ಕೈಯಲ್ಲಿದ್ದ ಕೀಲಿ ಕೆಳಗೆ ಬಿತ್ತು. ಹೆಕ್ಕಿಕೊಳ್ಳಲಿಲ್ಲ.

"ಯಾವ ಮನೆ ಅಂತಿತ್ತು ಅದ್ರಲ್ಲಿ?"

"ನೀರಿನ ಟ್ಯಾಂಕಿನ ಹಿಂದೆ, ಹಸಿರು ಬಾಗಿಲು."

"ಅದು ನಾನು ಹಾಕಿದ್ದು ಕಣೇ." ಅವರು ಫೋನು ತೆಗೆದು ಗುಂಪು ತೆರೆದರು. "ಗುಂಪಲ್ಲಿ ಯಾರೋ ಕೇಳಿದ್ರು, ಮೂವತ್ತೆರಡರ ಮನೆ ಎಲ್ಲಿ ಅಂತ. ಆ ಬಾಗಿಲಿನ ಬೀಗದ ಕೈ ನಾನೇ ಮಾಡ್ಕೊಟ್ಟಿದ್ದು, ನಂಗೊತ್ತಿತ್ತಲ್ಲ. ತಮಾಷೆಗೆ ಹಾಕ್ದೆ. ಎಲ್ಲಾ ನಕ್ರು. ಶಾಲೆ ವಿಷ್ಯ ನಾನು ಹಾಕಿಲ್ಲ. ಆಣೆ ಮಾಡ್ತೀನಿ, ಶಾಲೆ ವಿಷ್ಯ ನಾನು ಹಾಕಿಲ್ಲ."

ನಾನೂರು ಜನರಲ್ಲಿ ಯಾರು? ಬೀಗದಣ್ಣ ಗುಂಪಿನ ಹೆಸರುಗಳನ್ನು ಒಂದೊಂದಾಗಿ ಸರಿಸುತ್ತಾ ಹೋದರು. ಅರ್ಧಕ್ಕರ್ಧ ಜನರ ಮುಖ ಅವರಿಗೇ ಗೊತ್ತಿಲ್ಲ. ಯಾರದೋ ಮನೆಯ ಬೀಗ, ಯಾರದೋ ಕಪಾಟಿನ ಬೀಗ, ದಿನವೂ ನಂಬಿ ಕೈಗಿಟ್ಟು ಹೋಗುವವರ ನಡುವೆ ಕೂತ ಮನುಷ್ಯ ಈಗ ಒಂದು ಹಸಿರು ಬಾಗಿಲಿಗೆ ಹೆದರುತ್ತಿದ್ದರು. ಕೊನೆಗೆ ಫೋನನ್ನೇ ನನ್ನ ಕೈಗೆ ಕೊಟ್ಟು, ಇದನ್ನು ಪೊಲೀಸರಿಗೆ ತೋರಿಸಬೇಕು, ಅವರ ಜೊತೆ ಮಾತಾಡೋಕೆ ನನಗೆ ಬರೋಲ್ಲ, ನೀವೂ ಬನ್ನಿ ಎಂದರು. ಹೋದೆವು. ಈ ಸಲ ಬರೆದುಕೊಳ್ಳುವುದರ ಜೊತೆಗೆ ಶಾಲೆಯ ಗೇಟಿಗೆ ಒಬ್ಬರನ್ನು ನಿಲ್ಲಿಸುತ್ತೇವೆ ಎಂದರು.

ಠಾಣೆಯ ಹೊರಗಿನ ಬೆಂಚಿನಲ್ಲಿ ಕೂತಾಗ ಬೀಗದಣ್ಣ ಹೆಂಡತಿಗೆ ಹೇಳಿದರು, "ನಿನ್ನ ಸುದ್ದಿ ಮಾತ್ರ ಬರೋದು ಬೇಡ. ಇವತ್ತು ಅವನ ಮನೆ, ನಾಳೆ ನಮ್ಮನೆ. ಈ ಜನ ನನಗೆ ಗೊತ್ತು. ನಾನೇ ಆ ಜನ."

ಅವರ ಮಾತಿನಲ್ಲಿ ಹುರುಳಿತ್ತು. ನಾನೂ ಅದನ್ನೇ ಹೇಳಿದೆ. ಮೇಷ್ಟ್ರ ದಾಖಲೆ ಪುಸ್ತಕ ಇದೆ, ಅದರ ಆಧಾರದಲ್ಲಿ ಕ್ರೀಡಾಪುಟದವರು ಸುದ್ದಿ ಮಾಡುತ್ತಾರೆ, ನಿಮ್ಮನ್ನು ಎಳೆಯುವ ಅಗತ್ಯವೇ ಇಲ್ಲ. ನಿಮ್ಮ ಕೆಲಸ ಉಳಿಯುತ್ತದೆ. ಪುರವಣಿಗೆ ನಾನು ಸಾಬೂನು, ಸೂಜಿ ಎಂದು ಏನಾದರೂ ಬರೆದುಕೊಳ್ಳುತ್ತೇನೆ.

ನಂಬರಕ್ಕ ಇಬ್ಬರನ್ನೂ ನೋಡಿದರು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮವನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತರು.

"ಹಂಗೆ ಬರೆದ್ರೆ ಏನಾಗುತ್ತೆ ಗೊತ್ತಾ? ನಾಳೆಯಿಂದ ಗೋಡೆ ನಂಬರ್ ಬರ್ದು ಸುಡ್ತಾರೆ. ಅವನಿಗೂ ತಾಯಿ ಇದಾಳೆ, ನಾನು ನೋಡಿದೀನಿ, ಮೊಣಕಾಲು ಹಿಡ್ಕೊಂಡು ಗ್ಯಾಲರಿ ಮೆಟ್ಲು ಹತ್ತುತ್ತಾಳೆ. ಸುಡೋರಿಗೆ ಯಾವುದಾದ್ರೂ ಒಂದು ನಂಬರ್ ಬೇಕು ಅಷ್ಟೆ. ನಂಗೆ ನಂಬರೇ ಇಲ್ಲ. ಏನ್ ಬರ್ದು ಸುಡ್ತಾರೆ, ಸುಡ್ಲಿ ನೋಡೋಣ."

"ಕೆಲಸ ಹೋಗುತ್ತೆ ಕಣೇ," ಎಂದರು ಬೀಗದಣ್ಣ.

"ಹೋಗಬಹುದು. ಸೋಮವಾರ ಬೆಳಿಗ್ಗೆ ಗೇಟಿನ ಹತ್ರ ಹೋಗ್ತೀನಿ. ಬಿಟ್ರೆ ಒಳಗೆ, ಇಲ್ದಿದ್ರೆ ಹೊರಗೆ." ನನ್ನ ಕಡೆ ತಿರುಗಿದರು. "ಅಂಗಿ ತಾನಾಗೇ ಬಿಚ್ಕೊಂಡು ಹೋಯ್ತಾ ತಾಯಿ? ಬಿಚ್ಚಿಸಿದ್ದು ಯಾರು ಅಂತ ಜನ ಕೇಳೇ ಕೇಳ್ತಾರೆ. ನಾನೇ ಅಂತ ಬರೀರಿ."

ನನ್ನ ಪುಸ್ತಕ ತೆರೆದದ್ದೇ ಇತ್ತು. ಬರೆದುಕೊಂಡೆ. ಧೈರ್ಯವಂತೆ ಎಂದೋ ಏನೋ ಒಂದು ಪದ ಪಕ್ಕದಲ್ಲಿ ಗೀಚಿಕೊಳ್ಳುತ್ತಿದ್ದೆ. ಆಕೆ ಬಗ್ಗಿ, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಅದನ್ನು ಓದಿದರು, ಬೆರಳಿಟ್ಟು ಅಡ್ಡ ಹಿಡಿದರು.

"ಅದು ಬೇಡ. ನಂಬರಕ್ಕ ಹೆದರ್ಕೊಂಡೇ ಹೇಳಿದ್ಲು ಅಂತ ಬರೀರಿ. ಸುಳ್ಳು ಇನ್ನು ಸಾಕು."